ದಿನಬಳಕೆಯ ಪಿಂಗಾಣಿ ಕಾಫಿ ಕಪ್ಪು: ಮಣ್ಣು ಕಲಸುವುದರಿಂದ ಪಾದ ಉಜ್ಜುವವರೆಗೆ

ಬೆಂಗಳೂರಿನ ಸಣ್ಣ ಸ್ಟುಡಿಯೊ ಒಂದರಲ್ಲಿ ನಡೆದ ಕೆಲಸದ ದಾಖಲೆ ಇದು. ಬೇಕಾಗಿದ್ದದ್ದು ಅಂಚಿನವರೆಗೆ ತುಂಬಿದರೆ 180 ಮಿ.ಲೀ. ಹಿಡಿಯುವ, ಹಿಡಿಕೆಯಿರುವ ಫಿಲ್ಟರ್ ಕಾಫಿ ಕಪ್ಪು. ಷೋಕೇಸಿನಲ್ಲಿಡುವ ಕಪ್ಪಲ್ಲ. ಬೆಳಗ್ಗೆ ಸಂಜೆ ಕುದಿಯುವ ಕಾಫಿ ಬೀಳಬೇಕು, ಸಿಂಕಿನಲ್ಲಿ ಸ್ಟೀಲ್ ಪಾತ್ರೆಗಳ ಜೊತೆ ತಾಗಬೇಕು, ಒಂದರ ಮೇಲೊಂದು ಪೇರಿಸಿಟ್ಟರೂ ಗೀರು ಬೀಳಬಾರದು. ಪಿಂಗಾಣಿ ಎಂದರೆ ಬೆಳಕು ಹಾಯುವಷ್ಟು ತೆಳುವಾಗಿರಬೇಕು ಅನ್ನುವವರು ಬಹಳ. ದಿನಬಳಕೆಯ ಕಪ್ಪಿನ ಆಯಸ್ಸು ತೆಳುವಿನಲ್ಲಿಲ್ಲ. ಹಿಡಿಕೆಯ ಬೆಸುಗೆ, ಪಾದ (ಕಪ್ಪು ನಿಲ್ಲುವ ತಳದ ಉಂಗುರ), ಮಣ್ಣಿಗೂ ಗ್ಲೇಜಿಗೂ (ಮೈಮೇಲಿನ ಗಾಜಿನಂಥ ಲೇಪಕ್ಕೂ) ಇರುವ ಹೊಂದಾಣಿಕೆ, ಈ ಮೂರು ಜಾಗದಲ್ಲಿದೆ. ಹಾಗಾಗಿ ಈ ದಾಖಲೆಯೂ ಅಲ್ಲೇ ಹೆಚ್ಚು ಹೊತ್ತು ನಿಲ್ಲುತ್ತದೆ.

ಉಪಕರಣ: ಎಲೆಕ್ಟ್ರಿಕ್ ತಿಗರಿ, ಒಳಗೆ 45×45×45 ಸೆಂ.ಮೀ. ಅಳತೆಯ 7.5 ಕಿಲೋವ್ಯಾಟ್ ಎಲೆಕ್ಟ್ರಿಕ್ ಆವಿಗೆ, ಪ್ಲಾಸ್ಟರ್ ಹಲಗೆಗಳು, 80 ಮತ್ತು 120 ಮೆಶ್ ಜರಡಿ (ಅಂಕಿ ಹೆಚ್ಚಿದಷ್ಟೂ ಕಣ್ಣು ಸಣ್ಣದು), 0.1 ಗ್ರಾಂವರೆಗೆ ತೋರಿಸುವ ತಕ್ಕಡಿ, ಕ್ಯಾಲಿಪರ್, ಟ್ರಿಮ್ಮಿಂಗಿಗೆ, ಅಂದರೆ ಹೆಚ್ಚಿನ ಮಣ್ಣು ಕೆತ್ತಿ ತೆಗೆಯಲು, ಸ್ಟೇನ್‌ಲೆಸ್ ಸ್ಟೀಲಿನ ಉಳಿಗಳು.

ಹಂತ 1: ಮಣ್ಣು

ಒಣ ತೂಕ 20 ಕೆ.ಜಿ.ಗೆ: ಚೀನಾ ಕ್ಲೇ (ಬಿಳಿ ಜೇಡಿ) 10 ಕೆ.ಜಿ., ಪೊಟ್ಯಾಶ್ ಫೆಲ್ಡ್‌ಸ್ಪಾರ್ (ಶಾಖಕ್ಕೆ ಕರಗಿ ಗಾಜಾಗುವ ಖನಿಜ) 5 ಕೆ.ಜಿ., ಕ್ವಾರ್ಟ್ಜ್ ಪುಡಿ 4.4 ಕೆ.ಜಿ., ಬೆಂಟೊನೈಟ್ (ಜಿಗುಟು ಕೊಡುವ ಜೇಡಿ) 600 ಗ್ರಾಂ. ಫೆಲ್ಡ್‌ಸ್ಪಾರ್, ಕ್ವಾರ್ಟ್ಜ್ ಎರಡೂ ರಾಜಸ್ಥಾನದವು, ಬೆಂಟೊನೈಟ್ ಕಚ್ಛ್‌ನದು. ಚೀನಾ ಕ್ಲೇ ಗುಜರಾತಿನದೂ ಸಿಗುತ್ತದೆ, ಕೇರಳದ್ದೂ ಸಿಗುತ್ತದೆ. ಯಾವುದನ್ನೇ ತಂದರೂ ಹೊಸ ಚೀಲ ಬಂದಾಗಲೆಲ್ಲ ಒಂದು ಪಟ್ಟಿ ಮಾಡಿ ಸುಟ್ಟು ನೋಡುವುದು ಒಳ್ಳೆಯದು. ಚೀಲದ ಮೇಲಿನ ಹೆಸರು ಅದೇ ಇದ್ದರೂ ಬಿಳುಪು ಬೇರೆಯಾಗಿರುತ್ತದೆ, ಕುಗ್ಗುವಿಕೆಯೂ ಬೇರೆಯಾಗಿರುತ್ತದೆ.

ಬೆಂಟೊನೈಟನ್ನು ನೇರವಾಗಿ ನೀರಿಗೆ ಸುರಿದರೆ ಹೊರಗೆ ಲೋಳೆ, ಒಳಗೆ ಒಣಪುಡಿ ಉಳಿದ ಉಂಡೆಗಳಾಗುತ್ತವೆ. ಜರಡಿಯಲ್ಲಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಮೊದಲು ಅದನ್ನು ಕ್ವಾರ್ಟ್ಜ್ ಪುಡಿಯ ಜೊತೆ ಮುಚ್ಚಿದ ಡಬ್ಬಿಯಲ್ಲಿ ಚೆನ್ನಾಗಿ ಕುಲುಕಿ, ಆಮೇಲೆ ಬಿಸಿನೀರಿಗೆ ಸ್ವಲ್ಪಸ್ವಲ್ಪವೇ ಉದುರಿಸಿದರೆ ಸರಿಹೋಗುತ್ತದೆ. ಅದು ರಾತ್ರಿಯಿಡೀ ನೆನೆದ ಮೇಲೆ ಚೀನಾ ಕ್ಲೇ, ಫೆಲ್ಡ್‌ಸ್ಪಾರ್ ಹಾಕಿ ಒಟ್ಟು ಸುಮಾರು 20 ಲೀಟರ್ ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಬೇಕು. 80 ಮೆಶ್‌ನಲ್ಲಿ ಒಮ್ಮೆ, 120 ಮೆಶ್‌ನಲ್ಲಿ ಇನ್ನೊಮ್ಮೆ ಸೋಸಬೇಕು. ಸೋಸುವಾಗ ಬಕೆಟ್ಟಿನಲ್ಲಿ ಒಂದು ಬಲವಾದ ಅಯಸ್ಕಾಂತವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನಾಲ್ಕೈದು ಸಲ ಆಡಿಸಿದರೆ ಕಬ್ಬಿಣದ ಕಣಗಳು ಅಂಟಿಕೊಂಡು ಬರುತ್ತವೆ. ಬಿಟ್ಟುಬಿಟ್ಟರೆ ಸುಟ್ಟ ಮೇಲೆ ಒಂದೊಂದು ಕಣವೂ ಒಂದು ಕಂದು ಚುಕ್ಕೆ.

ಕಚ್ಛ್ ಬೆಂಟೊನೈಟಿನಲ್ಲಿ ಕಬ್ಬಿಣವಿದೆ. 3 ಪ್ರತಿಶತ ಹಾಕಿದರೆ ಎಲೆಕ್ಟ್ರಿಕ್ ಆವಿಗೆಯಲ್ಲಿ ಬಿಳುಪು ಸ್ವಲ್ಪ ಕೆನೆಬಣ್ಣಕ್ಕೆ ತಿರುಗುತ್ತದೆ. 1.5 ಪ್ರತಿಶತಕ್ಕೆ ಇಳಿಸಿದರೆ ಬಿಳುಪು ಬರುತ್ತದೆ, ಆದರೆ ಮಣ್ಣು ತಿಗರಿಯ ಮೇಲೆ ಹರಿದು ಸೀಳುತ್ತದೆ. ಊಟದ ಮನೆಯ ಪಾತ್ರೆಗೆ ಕೆನೆಬಿಳುಪು ಚೆನ್ನಾಗಿಯೇ ಕಾಣುತ್ತದೆ, ಹಾಗಾಗಿ 3 ಪ್ರತಿಶತವೇ ಉಳಿಯಿತು.

ಪ್ಲಾಸ್ಟರ್ ಹಲಗೆಯ ಮೇಲೆ ನೀರು ಇಂಗಿಸಿ, ನಾದಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕನಿಷ್ಠ ಒಂದು ತಿಂಗಳು ಬಿಡಬೇಕು. 20 ಕೆ.ಜಿ. ಪುಡಿಯಿಂದ ಸುಮಾರು 26 ಕೆ.ಜಿ. ಕೆಲಸದ ಮಣ್ಣು ಸಿಗುತ್ತದೆ. ಕಲಸುವಾಗಲೇ ಎರಡು ಚಮಚ ವಿನೆಗರ್ ಬಿದ್ದರೆ ಜಿಗುಟು ಬೇಗ ಬರುತ್ತದೆ. ಪ್ಲಾಸ್ಟರಿನ ಅಂಚಿನ ಚೂರು ಮಣ್ಣಿಗೆ ಸೇರದಂತೆ ನೋಡಿಕೊಳ್ಳಬೇಕು, ಸೇರಿದರೆ ಸುಟ್ಟ ಮೇಲೆ ಅಲ್ಲಿಂದ ಚಕ್ಕೆ ಹಾರುತ್ತದೆ.

ಕೆಂಪು ಮಣ್ಣಿನ ಕೆಲಸವೂ ನಡೆಯುವ ಜಾಗವಾದರೆ ಬಕೆಟ್, ಸ್ಪಂಜು, ಬಟ್ಟೆ, ನಾದುವ ಹಲಗೆ ಎಲ್ಲವೂ ಪಿಂಗಾಣಿಗೇ ಬೇರೆ ಬೇಕು. ಇದರಲ್ಲಿ ರಾಜಿ ಇಲ್ಲ. ಇನ್ನೊಂದು ಮಾತು ದೂಳಿನದು: ಕ್ವಾರ್ಟ್ಜ್ ಪುಡಿ ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್, ಅದಕ್ಕೆ ಮದ್ದಿಲ್ಲ. ತೂಗುವಾಗ ಎನ್-95 ಮಾಸ್ಕ್ ಬೇಕೇ ಬೇಕು. ನೆಲಕ್ಕೆ ಪೊರಕೆ ಹಾಕಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಹಂತ 2: ಕುಗ್ಗುವಿಕೆಯ ಲೆಕ್ಕ

ಹಸಿ ಪಟ್ಟಿಯ ಮೇಲೆ 100 ಮಿ.ಮೀ. ಗೆರೆ ಹಾಕಿ ಅಳೆದಾಗ: ಒಣಗಿದ ಮೇಲೆ 94, ಕೋನ್ 10ಕ್ಕೆ (ಕೋನ್ ಎಂದರೆ ಗೊತ್ತಾದ ಶಾಖಕ್ಕೆ ಬಾಗುವ ಸಣ್ಣ ಶಂಕು; ಅಂಕಿ ಹೆಚ್ಚಿದಷ್ಟೂ ಶಾಖ ಹೆಚ್ಚು) ಸುಟ್ಟ ಮೇಲೆ 86. ಒಟ್ಟು 14 ಪ್ರತಿಶತ. ಬೇಕಾದ ಅಳತೆಯನ್ನು 0.86ರಿಂದ ಭಾಗಿಸಿದರೆ ಹಸಿ ಅಳತೆ ಸಿಗುತ್ತದೆ. ಸಿದ್ಧ ಕಪ್ಪಿನ ಹೊರವ್ಯಾಸ 68 ಮಿ.ಮೀ., ಎತ್ತರ 66 ಮಿ.ಮೀ. ಬೇಕಿತ್ತು, ಹಸಿಯಲ್ಲಿ ಅದು 79 ಮತ್ತು 77. ಒಂದು ಕಪ್ಪಿಗೆ 260 ಗ್ರಾಂ ಮಣ್ಣು, ಹಿಡಿಕೆಗೆ ಬೇರೆ 30 ಗ್ರಾಂ. 260ರಲ್ಲಿ ಸುಮಾರು 100 ಗ್ರಾಂ ಟ್ರಿಮ್ಮಿಂಗಿನಲ್ಲಿ ಹೋಗುತ್ತದೆ.

ಹಂತ 3: ತಿಗರಿಯ ಮೇಲೆ

ಪಿಂಗಾಣಿ ಮಣ್ಣು ನೀರನ್ನು ಬೇಗ ಕುಡಿದು ಕುಸಿಯುತ್ತದೆ. ಕೇಂದ್ರಕ್ಕೆ ತಂದ ಮೇಲೆ ನೀರು ನಿಲ್ಲಿಸಿ, ಕೈಗೆ ಬಂದ ಲೋಳೆಯನ್ನೇ ಜಾರಿಕೆಗೆ ಬಳಸಿಕೊಳ್ಳಬೇಕು. ಮೂರು ಎಳೆತಕ್ಕೆ ಗೋಡೆ ಏಳಬೇಕು. ನಾಲ್ಕನೆಯದಕ್ಕೆ ಕೈ ಹಾಕಿದರೆ ಸೊಂಟದಲ್ಲಿ ತಿರುಚಿಕೊಳ್ಳುತ್ತದೆ. ಬುಡದಲ್ಲಿ 5 ಮಿ.ಮೀ., ಮೇಲೆ 3.5 ಮಿ.ಮೀ. ದಪ್ಪ. ಬಾಯಂಚನ್ನು ಮಾತ್ರ ಇದಕ್ಕಿಂತ ಕೊಂಚ ದಪ್ಪ ಬಿಟ್ಟು ಚಮೋಯಿಸ್ ಎಂಬ ಮೆತ್ತನೆಯ ಚರ್ಮದ ತುಂಡಿನಲ್ಲಿ ಒತ್ತಿ ದುಂಡಗೆ ಮಾಡಬೇಕು. ಚೂಪು ಅಂಚು ನೋಡಲು ಚೆಂದ, ಆದರೆ ಗ್ಲೇಜ್ ಅಲ್ಲಿಂದ ಜಾರಿ ತೆಳುವಾಗುತ್ತದೆ ಮತ್ತು ಸಿಂಕಿನಲ್ಲಿ ಮೊದಲು ಚಕ್ಕೆ ಏಳುವುದೂ ಅಲ್ಲಿಯೇ.

ತಳದೊಳಗೆ ನೀರು ನಿಂತರೆ ಒಣಗುವಾಗ ಇಂಗ್ಲಿಷಿನ ಎಸ್ ಅಕ್ಷರದ ಆಕಾರದ ಬಿರುಕು ಬರುತ್ತದೆ. ಬಹಳಷ್ಟು ಸಲ ಅದು ಕಣ್ಣಿಗೆ ಬೀಳುವುದು ಗ್ಲೇಜ್ ಸುಟ್ಟ ಮೇಲೆ. ಸ್ಪಂಜಿನಿಂದ ನೀರು ಹೀರಿ, ಮರದ ಪಟ್ಟಿಯಿಂದ ತಳವನ್ನು ಅಂಚಿನಿಂದ ನಡುವಿನ ಕಡೆಗೆ ಗಟ್ಟಿಯಾಗಿ ಒತ್ತಿದ ಕಪ್ಪುಗಳಲ್ಲಿ ಈ ಬಿರುಕು ಬರಲಿಲ್ಲ. ಒತ್ತದೆ ಬಿಟ್ಟ ಕಪ್ಪುಗಳಲ್ಲಿ ಬಂತು.

ತಿಗರಿಯಿಂದ ಕೈಯಲ್ಲಿ ಎತ್ತಬಾರದು. ಎತ್ತುವಾಗ ಬಾಯಿ ಅಂಡಾಕಾರವಾದರೆ ಕೂಡಲೇ ದುಂಡಗೆ ತಿದ್ದಬಹುದು, ಕಣ್ಣಿಗೆ ಸರಿಹೋಯಿತು ಅನ್ನಿಸಲೂಬಹುದು. ಆದರೆ ಈ ಮಣ್ಣು ಹಳೆಯ ಸೊಟ್ಟವನ್ನು ನೆನಪಿಟ್ಟುಕೊಂಡು 1275 ಡಿಗ್ರಿಯಲ್ಲಿ ಮತ್ತೆ ಅದೇ ಆಕಾರಕ್ಕೆ ಹೋಗುತ್ತದೆ. ತಿಗರಿಯ ಮೇಲೆ ಕೂರಿಸಿದ ಹಲಗೆ ಸಮೇತ ತೆಗೆದಿಡುವುದೊಂದೇ ದಾರಿ.

ಒಣಗಿಸುವ ಜಾಗದಲ್ಲಿ ಸೀಲಿಂಗ್ ಫ್ಯಾನ್ ಬಂದ್ ಇರಬೇಕು. ಗಾಳಿ ತಾಗಿದ ಮಗ್ಗುಲು ಬೇಗ ಒಣಗಿ ಬಾಯಿಯನ್ನು ತನ್ನ ಕಡೆ ಎಳೆಯುತ್ತದೆ. ಮಾರ್ಚ್ ತಿಂಗಳ ಬೆಂಗಳೂರಿನಲ್ಲಿ ಅರ್ಧ ದಿನಕ್ಕೆ ಅಂಚು ಬೆಳ್ಳಗಾಗುತ್ತದೆ, ಆದ್ದರಿಂದ ಅಂಚು ಗಟ್ಟಿಯಾದ ಕೂಡಲೇ ಬೋರಲು ಹಾಕಿ ತೆಳು ಪ್ಲಾಸ್ಟಿಕ್ ಹೊದಿಸಬೇಕು. ಮಳೆಗಾಲದಲ್ಲಿ ಈ ಅವಸರ ಇರುವುದಿಲ್ಲ.

ಹಂತ 4: ಟ್ರಿಮ್ಮಿಂಗ್

ಉಗುರಿನ ಗುರುತು ಬೀಳುವ, ಬೆರಳೊತ್ತಿದರೆ ಬಗ್ಗದ ಹದ. ಪಾದದ ಉಂಗುರ 3 ಮಿ.ಮೀ. ಎತ್ತರ, 4 ಮಿ.ಮೀ. ಅಗಲ, ಹೊರ ಅಂಚಿಗೆ ಸಣ್ಣ ಇಳಿಜಾರು. ತಳದ ದಪ್ಪ ಗೋಡೆಯಷ್ಟೇ ಇರಬೇಕು. ತಳ 6 ಮಿ.ಮೀ., ಗೋಡೆ 3 ಮಿ.ಮೀ. ಇದ್ದ ಕಪ್ಪುಗಳಿಗೆ ಕುದಿಯುವ ನೀರು ಹಾಕಿದಾಗ ತಳ ಗೋಡೆ ಸೇರುವಲ್ಲಿ ಸೀಳು ಬಿಟ್ಟಿತು: ಒಳಗೆ ಬೇಗ ಹಿಗ್ಗಿದೆ, ದಪ್ಪ ತಳದ ಹೊರಗೆ ಇನ್ನೂ ತಣ್ಣಗಿದೆ. ತಳವನ್ನು ಬೆರಳಿನಿಂದ ತಟ್ಟಿ ಸದ್ದು ಕೇಳುವ ಹಳೆಯ ಕ್ರಮ ಒಳ್ಳೆಯದೇ. ಹೊಸಬರು ಒಂದು ಕಪ್ಪನ್ನು ನಡುವೆ ಕತ್ತರಿಸಿ ಕ್ಯಾಲಿಪರಿನಲ್ಲಿ ಅಳೆದರೆ ಕೈಗೆ ಅಳತೆ ಬೇಗ ಕೂರುತ್ತದೆ.

ಹಂತ 5: ಹಿಡಿಕೆ

ಅತಿ ಹೆಚ್ಚು ಕಪ್ಪು ಹಾಳಾದದ್ದು ಇಲ್ಲಿ.

ಮೊದಲ ಕಂತಿನ ಹಿಡಿಕೆಗಳು ಕೈಯಲ್ಲಿ ಎಳೆದವು, 14 ಮಿ.ಮೀ. ಅಗಲ, 8 ಮಿ.ಮೀ. ದಪ್ಪ, ಬಾಯಂಚಿನಿಂದ 4 ಮಿ.ಮೀ. ಕೆಳಗೆ ಅಂಟಿಸಿದವು. ಎರಡು ದೋಷ ಒಟ್ಟಿಗೆ ಬಂದವು. ಒಂದು, ಮೇಲಿನ ಬೆಸುಗೆಯ ಒಳಮೂಲೆಯಲ್ಲಿ ಕೂದಲೆಳೆ ಬಿರುಕು. ಎರಡು, ಹಿಡಿಕೆಯ ದಿಕ್ಕಿನ ವ್ಯಾಸಕ್ಕೂ ಅಡ್ಡ ವ್ಯಾಸಕ್ಕೂ 3 ಮಿ.ಮೀ.ವರೆಗೆ ವ್ಯತ್ಯಾಸ; ತಟ್ಟೆಯ ಮೇಲೆ ಬೋರಲಿಟ್ಟರೆ ಅಲುಗಾಡುತ್ತಿತ್ತು.

ಬಿರುಕಿನ ಕಾರಣ ಒಣಗುವ ವೇಗ. ಹಿಡಿಕೆಗೆ ಸುತ್ತಲೂ ಗಾಳಿ, ಕಪ್ಪಿನ ಗೋಡೆಗೆ ಹೊರಗಷ್ಟೇ. ಹಿಡಿಕೆ ಮೊದಲು ಕುಗ್ಗಿ ಬೆಸುಗೆಯನ್ನು ಕೀಳುತ್ತದೆ. ಅಂಟಿನ ಮಣ್ಣು ತೆಳುವಾಗಿದ್ದರೂ ಇದೇ ಆಗುತ್ತದೆ, ಏಕೆಂದರೆ ಅದರಲ್ಲಿ ನೀರು ಜಾಸ್ತಿ, ಕುಗ್ಗುವುದೂ ಜಾಸ್ತಿ. ಬದಲಾಯಿಸಿದ್ದು ಇಷ್ಟು:

ಹಿಡಿಕೆ ಎಳೆದು ಬಾಗಿಸಿ, ಕಪ್ಪಿನ ಜೊತೆ ಒಂದೇ ಮುಚ್ಚಿದ ಡಬ್ಬಿಯಲ್ಲಿ ರಾತ್ರಿ ಇಡುವುದು. ಬೆಳಗ್ಗೆ ಎರಡರ ತೇವವೂ ಒಂದೇ ಆಗಿರುತ್ತದೆ. ಅಂಟಿಗೆ ಅದೇ ಮಣ್ಣನ್ನು ಪೂರ್ತಿ ಒಣಗಿಸಿ, ಪುಡಿ ಮಾಡಿ, ಕೆಲವು ಹನಿ ವಿನೆಗರ್ ಹಾಕಿದ ನೀರಿನಲ್ಲಿ ಬೆಣ್ಣೆಯಂತೆ ಗಟ್ಟಿಯಾಗಿ ಕಲಸುವುದು. ಎರಡೂ ಕಡೆ ಗೀರಿ, ಹಚ್ಚಿ, ಒಳಗಿನಿಂದ ಬೆರಳು ಆನಿಸಿ ಒತ್ತಿ, ಪಕ್ಕಕ್ಕೆ ಉಕ್ಕಿದ ಅಂಟನ್ನು ಒರೆಸಿಬಿಡದೆ ಮೂಲೆಯಲ್ಲಿ ಸಣ್ಣ ದುಂಡಗಿನ ತುಂಬುವಿಕೆಯಾಗಿ ಕುಂಚದಿಂದ ನಯ ಮಾಡುವುದು. ಚೂಪಾದ ಒಳಮೂಲೆ ಇದ್ದಲ್ಲಿ ಬಿರುಕು ಶುರುವಾಗಲು ಜಾಗ ಸಿಗುತ್ತದೆ. ಆಮೇಲೆ ಹಿಡಿಕೆಗೆ ಮಾತ್ರ ಮೇಣದ ಎಮಲ್ಷನ್ (ನೀರಿನಲ್ಲಿ ಬೆರೆತ ಮೇಣ) ಒಂದು ಕೈ ಬಳಿದು, ಎರಡು ದಿನ ಪೂರ್ತಿ ಮುಚ್ಚಿ, ಮೂರನೆಯ ದಿನದಿಂದ ಪ್ಲಾಸ್ಟಿಕ್ಕನ್ನು ಸ್ವಲ್ಪಸ್ವಲ್ಪ ಸಡಿಲಿಸುವುದು. ಮೇಣ ಬಳಿದ ಮೇಲೆ ಬೆಸುಗೆಯ ಬಿರುಕು ಬಹುತೇಕ ನಿಂತಿತು. ಬಿಸ್ಕ್‌ನಲ್ಲಿ, ಅಂದರೆ ಗ್ಲೇಜ್ ಹಚ್ಚುವ ಮುಂಚಿನ ಮೊದಲ ಸುಡುವಿಕೆಯಲ್ಲಿ, ಮೇಣ ಉರಿದುಹೋಗುತ್ತದೆ. ಆ ಹೊಗೆಗೆ ಕಿಟಕಿ ತೆರೆದಿರಲಿ.

ಬಾಯಿ ಸೊಟ್ಟವಾಗುವುದಕ್ಕೆ ಮದ್ದು ಹಿಡಿಕೆಯ ತೂಕ ಇಳಿಸುವುದು. ಈಗ 11 ಮಿ.ಮೀ. ಅಗಲ, 5.5 ಮಿ.ಮೀ. ದಪ್ಪ, ಬಾಯಂಚಿನಿಂದ 12 ಮಿ.ಮೀ. ಕೆಳಗೆ. ಬೆರಳಿಗೆ ಹಸಿಯಲ್ಲಿ 28 ಮಿ.ಮೀ. ತೆರಪು ಬಿಟ್ಟರೆ ಸುಟ್ಟ ಮೇಲೆ 24 ಉಳಿಯುತ್ತದೆ, ಬಿಸಿ ಗೋಡೆಗೆ ಬೆರಳಗಂಟು ತಾಗುವುದಿಲ್ಲ. ವ್ಯತ್ಯಾಸ 3ರಿಂದ 1.5 ಮಿ.ಮೀ.ಗೆ ಇಳಿದಿದೆ. ಪೂರ್ತಿ ಹೋಗಿಲ್ಲ.

ಹಂತ 6: ಬಿಸ್ಕ್

ಗಂಟೆಗೆ 100 ಡಿಗ್ರಿಯಂತೆ 600ರವರೆಗೆ, ಅಲ್ಲಿಂದ 150ರಂತೆ 1000 ಡಿಗ್ರಿ ಸೆಲ್ಸಿಯಸ್‌ವರೆಗೆ. ಶುರುವಿನಲ್ಲಿ 90 ಡಿಗ್ರಿಯಲ್ಲಿ ಎರಡು ಗಂಟೆ ನಿಲ್ಲಿಸಬೇಕು. 32 ಯೂನಿಟ್ ಖರ್ಚಾಯಿತು. 900ಕ್ಕೇ ನಿಲ್ಲಿಸಿದ ಕಪ್ಪುಗಳು ಗ್ಲೇಜ್ ಅದ್ದುವಾಗ ಕೈಯಲ್ಲೇ ಮುರಿಯುವಷ್ಟು ಮೆತ್ತಗಿದ್ದವು.

ಹಂತ 7: ಗ್ಲೇಜ್

ಮೊದಲು ಬಳಸಿದ್ದು ಸ್ಟುಡಿಯೊ ಕುಂಬಾರರಿಗೆಲ್ಲ ಗೊತ್ತಿರುವ 4-3-2-1: ಫೆಲ್ಡ್‌ಸ್ಪಾರ್ 40, ಕ್ವಾರ್ಟ್ಜ್ 30, ವೈಟಿಂಗ್ (ಸೀಮೆಸುಣ್ಣದ ಪುಡಿ) 20, ಚೀನಾ ಕ್ಲೇ 10. ಆವಿಗೆಯಿಂದ ಹೊರಬಂದಾಗ ಕನ್ನಡಿಯಂತಿತ್ತು. ವಾರ ಕಳೆಯುವಷ್ಟರಲ್ಲಿ ಕಪ್ಪಿನೊಳಗೆ ಸೂಕ್ಷ್ಮ ಬಿರುಕಿನ ಜಾಲ ಕಾಣಿಸಿತು. ಗಟ್ಟಿ ಡಿಕಾಕ್ಷನ್ ರಾತ್ರಿಯಿಡೀ ಬಿಟ್ಟಾಗ ಜಾಲವೆಲ್ಲ ಕಂದು ಗೆರೆಯಾಗಿ ಎದ್ದಿತು. ಅಲಂಕಾರದ ಹೂದಾನಿಯಲ್ಲಿ ಈ ಜಾಲವನ್ನು ಇಷ್ಟಪಡುವವರಿದ್ದಾರೆ. ಉಣ್ಣುವ ಕುಡಿಯುವ ಪಾತ್ರೆಯಲ್ಲಿ ಇದು ದೋಷವೇ: ಗೆರೆಯೊಳಗೆ ಹಾಲು, ಹುಳಿ, ಅರಿಶಿನ ಇಳಿಯುತ್ತದೆ, ಕಪ್ಪಿನ ಬಲವೂ ಕಡಿಮೆಯಾಗುತ್ತದೆ.

ಕಾರಣ ನೇರ. ತಣಿಯುವಾಗ ಗ್ಲೇಜ್ ಮಣ್ಣಿಗಿಂತ ಹೆಚ್ಚು ಕುಗ್ಗಿದರೆ ಎಳೆತಕ್ಕೆ ಸಿಕ್ಕಿ ಬಿರಿಯುತ್ತದೆ. ಫೆಲ್ಡ್‌ಸ್ಪಾರಿನ ಪೊಟ್ಯಾಶ್ ಈ ಕುಗ್ಗುವಿಕೆಯನ್ನು ಹೆಚ್ಚಿಸುತ್ತದೆ. ಸಿಲಿಕಾ, ಅಲ್ಯೂಮಿನಾ ಇಳಿಸುತ್ತವೆ. ಹೊಸ ಲೆಕ್ಕ: ಫೆಲ್ಡ್‌ಸ್ಪಾರ್ 28, ಕ್ವಾರ್ಟ್ಜ್ 32, ವೈಟಿಂಗ್ 20, ಚೀನಾ ಕ್ಲೇ 20. ಹೊಳಪು ಉಳಿಯಿತು, ಜಾಲ ಹೋಯಿತು.

ಆದರೆ ಚೀನಾ ಕ್ಲೇ 20ಕ್ಕೇರಿದ್ದರಿಂದ ಹಸಿ ಗ್ಲೇಜ್ ಒಣಗುವಾಗಲೇ ಬಿರುಕು ಬಿಟ್ಟು, ಸುಟ್ಟಾಗ ಹಿಡಿಕೆಯ ಮೂಲೆಯಲ್ಲಿ ಹಿಂಜರಿದು ಬರಿ ಮೈ ತೋರಿಸಿತು. ಅರ್ಧ ಚೀನಾ ಕ್ಲೇಯನ್ನು ಬಟ್ಟಲಿನಲ್ಲಿ ತುಂಬಿ ಬಿಸ್ಕ್ ಜೊತೆ 1000 ಡಿಗ್ರಿಗೆ ಸುಟ್ಟು ಬಳಸಿದ ಮೇಲೆ ಅದೂ ನಿಂತಿತು. ಸುಟ್ಟ ಚೀನಾ ಕ್ಲೇ ಸುಮಾರು 14 ಪ್ರತಿಶತ ತೂಕ ಕಳೆದುಕೊಳ್ಳುತ್ತದೆ, ಆದ್ದರಿಂದ 10ರ ಬದಲು 8.6 ತೂಗಬೇಕು.

ಗ್ಲೇಜಿನ ಗಟ್ಟಿತನಕ್ಕೆ ಕಣ್ಣಳತೆ ಸಾಲದು. 100 ಮಿ.ಲೀ. ಗ್ಲೇಜ್ 143 ಗ್ರಾಂ ತೂಗಿದರೆ ಸರಿ. ಒಳಗೆ ಸುರಿದು ಕೂಡಲೇ ಚೆಲ್ಲಿ, ಕನಿಷ್ಠ ನಾಲ್ಕು ಗಂಟೆ ಒಣಗಿಸಿ, ಆಮೇಲೆ ಹೊರಗೆ ಮೂರು ಸೆಕೆಂಡು ಅದ್ದುವುದು. ಪಿಂಗಾಣಿಯ ತೆಳು ಗೋಡೆ ಒಳಗಿನ ಗ್ಲೇಜಿನ ನೀರಿಗೇ ತೊಯ್ದು ಹೋಗಿರುತ್ತದೆ. ಕೂಡಲೇ ಹೊರಗೂ ಅದ್ದಿದರೆ ಗ್ಲೇಜ್ ಹಿಡಿಯದೆ ಜಾರುತ್ತದೆ, ಹಿಡಿದರೂ ಗುಳ್ಳೆ ಏಳುತ್ತದೆ.

ಪಾದಕ್ಕೆ ಹಚ್ಚುವ ಮೇಣದಲ್ಲಿ ಒಂದು ಚಮಚ ಅಲ್ಯೂಮಿನಾ ಹೈಡ್ರೇಟ್ (ಈ ಶಾಖಕ್ಕೆ ಕರಗದ ಬಿಳಿ ಪುಡಿ) ಬೆರೆಸಬೇಕು. ಆವಿಗೆಯ ಹಲಗೆಗೂ ಅಲ್ಯೂಮಿನಾ, ಚೀನಾ ಕ್ಲೇ ಸಮಸಮ ಕಲಸಿ ಬಳಿದಿರಬೇಕು. ಬರಿ ಮೇಣ ಹಚ್ಚಿದ ಪಾದಗಳು ಗ್ಲೇಜ್ ಇಲ್ಲದಿದ್ದರೂ ಹಲಗೆಗೆ ಕಚ್ಚಿಕೊಂಡು ಸಣ್ಣ ಚಕ್ಕೆ ಬಿಟ್ಟುಬಂದವು. ಪಿಂಗಾಣಿಯ ಮೈಯೇ ಈ ಶಾಖದಲ್ಲಿ ಅರೆಗಾಜಾಗುತ್ತದೆ.

ಹಂತ 8: ಗ್ಲೇಜ್ ಸುಡುವಿಕೆ

ಗಂಟೆಗೆ 150ರಂತೆ 1100 ಡಿಗ್ರಿ, ಅಲ್ಲಿಂದ 80ರಂತೆ 1275, ಅಲ್ಲಿ 20 ನಿಮಿಷ. ಪ್ರತಿ ಹಲಗೆಯಲ್ಲೂ 9, 10, 11ನೇ ಕೋನ್‌ಗಳು ಇದ್ದವು. ಶಾಖ ಅಳೆಯುವ ಕೆ ಮಾದರಿಯ ಥರ್ಮೋಕಪಲ್ 1200 ದಾಟಿದ ಶಾಖದಲ್ಲಿ ಮತ್ತೆಮತ್ತೆ ಬಳಸಿದರೆ ಸುಳ್ಳು ಅಂಕಿ ತೋರಿಸಲು ಶುರುಮಾಡುತ್ತದೆ, ಕೋನ್ ಸುಳ್ಳು ಹೇಳುವುದಿಲ್ಲ.

ಮೊದಲ ಸುಡುವಿಕೆಯಲ್ಲಿ ಮೇಲಿನ ಹಲಗೆಯ ಕೋನ್ 11 ಅರ್ಧ ಬಾಗಿತ್ತು, ಕೆಳಗೆ ಕೋನ್ 10 ನೆಟ್ಟಗೆ ನಿಂತಿತ್ತು. ಮೇಲಿನ ಕಪ್ಪುಗಳ ಸೊಂಟ ಕುಸಿಯಿತು. ಕೆಳಗಿನವು ನೋಡಲು ಚೆನ್ನಾಗಿದ್ದವು, ಆದರೆ ಅವುಗಳ ಪಕ್ಕ ಇಟ್ಟಿದ್ದ ಗ್ಲೇಜಿಲ್ಲದ ಪಟ್ಟಿಯನ್ನು ನೀರಿನಲ್ಲಿ ಕುದಿಸಿ ನೆನೆಹಾಕಿದಾಗ ತೂಕ 84.7ರಿಂದ 85.6 ಗ್ರಾಂ ಆಯಿತು. ಅಂದರೆ 1 ಪ್ರತಿಶತಕ್ಕೂ ಹೆಚ್ಚು ನೀರು ಕುಡಿದಿದೆ, ಪೂರ್ತಿ ಬೆಂದಿಲ್ಲ. ಇಂಥ ಕಪ್ಪು ಪಾದದಿಂದ ನೀರು ಹೀರಿ ಮೈಕ್ರೋವೇವಿನಲ್ಲಿ ಕೈಸುಡುವಷ್ಟು ಕಾಯುತ್ತದೆ. ಅವನ್ನು ಮತ್ತೊಮ್ಮೆ ಸುಡಬೇಕಾಯಿತು.

ಎರಡನೆಯ ಕಂತಿನಲ್ಲಿ ಕಪ್ಪುಗಳನ್ನೆಲ್ಲ ಕೆಳಗಿನ ಎರಡು ಹಲಗೆಗೆ ಹಾಕಿ, ಮೇಲೆ ಶಾಖಕ್ಕೆ ಜಗ್ಗದ ಗಿಡ್ಡ ಬಟ್ಟಲುಗಳನ್ನಿಟ್ಟು, 1275ರಲ್ಲಿ ನಿಲ್ಲಿಸುವ ಹೊತ್ತನ್ನು 35 ನಿಮಿಷಕ್ಕೆ ಏರಿಸಿದಾಗ ಕೆಳಗೂ ಕೋನ್ 10 ಬಾಗಿತು. ಆ ಪಟ್ಟಿ 86.0ರಿಂದ 86.2 ಗ್ರಾಂ, 0.23 ಪ್ರತಿಶತ. ಇದು ಸಾಕು. 64 ಯೂನಿಟ್ ಆಯಿತು. 100 ಡಿಗ್ರಿಗೆ ಇಳಿಯುವವರೆಗೆ ಬಾಗಿಲು ತೆರೆಯಬಾರದು.

ಹಂತ 9: ಪಾದ ಉಜ್ಜುವುದು, ಪರೀಕ್ಷೆ

ನೀರು ಹಾಕಿಕೊಂಡು 200, ಆಮೇಲೆ 400 ಗ್ರಿಟ್‌ನ ಡೈಮಂಡ್ ಪ್ಯಾಡ್. ಒಂದು ಕಪ್ಪಿಗೆ ಒಂದೆರಡು ನಿಮಿಷ. ಮಾರುಕಟ್ಟೆಯ ಎಷ್ಟೋ ಕೈಕೆಲಸದ ಕಪ್ಪುಗಳಲ್ಲಿ ಈ ಕೆಲಸ ಬಿಟ್ಟಿರುತ್ತಾರೆ. ಉಜ್ಜದ ಪಾದ ಮೇಜಿನ ಮೇಲೆ ಗೀರು ಹಾಕುತ್ತದೆ, ಪೇರಿಸಿದಾಗ ಕೆಳಗಿನ ಕಪ್ಪಿನ ಗ್ಲೇಜನ್ನೂ ಕೆರೆಯುತ್ತದೆ.

ಪರೀಕ್ಷೆ ಮೂರು. ಕುದಿಯುವ ನೀರಿನಲ್ಲಿ ಮೂರು ನಿಮಿಷ, ಕೂಡಲೇ ಐಸ್ ನೀರಿಗೆ. ಇದನ್ನು ಕೆಲವು ಸಲ ಮಾಡಿ, ಡಿಕಾಕ್ಷನ್ ಬಳಿದು ಒರೆಸಿ ಗೆರೆ ಹುಡುಕುವುದು. ಹುಣಸೆ ರಸವನ್ನು ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ತೊಳೆದು, ರಸ ನಿಂತಿದ್ದ ಮಟ್ಟದ ಕೆಳಗೂ ಮೇಲೂ ಹೊಳಪು ಒಂದೇ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡುವುದು. ಸ್ಟೀಲ್ ಸ್ಕ್ರಬ್ಬರಿನಲ್ಲಿ ಉಜ್ಜಿ ಬೂದುಗೆರೆ ಉಳಿಯುತ್ತದೆಯೇ ನೋಡುವುದು. ಮಂದ ಗ್ಲೇಜುಗಳು ಸ್ಟೀಲನ್ನೇ ಕೆರೆದು ಗೆರೆ ಉಳಿಸಿಕೊಳ್ಳುತ್ತವೆ, ಈ ಹೊಳಪು ಗ್ಲೇಜಿನಲ್ಲಿ ಉಳಿಯಲಿಲ್ಲ.

ಖರ್ಚು

20 ಕೆ.ಜಿ. ಪುಡಿಗೆ ಸುಮಾರು 510 ರೂಪಾಯಿ, ಅಂದರೆ ಕಪ್ಪಿಗೆ 6 ರೂಪಾಯಿಯ ಮಣ್ಣು. ಎರಡು ಸುಡುವಿಕೆಗೆ 96 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೆ 768. ಎರಡನೆಯ ಕಂತಿನ 36 ಕಪ್ಪುಗಳಲ್ಲಿ ಮಾರಬಹುದಾದವು 29, ಹಾಗಾಗಿ ಕಪ್ಪಿಗೆ 26 ರೂಪಾಯಿಯ ಕರೆಂಟು. ಇದಕ್ಕೆ ಗ್ಲೇಜ್, ಕೋನ್, ಸವೆಯುವ ಕಾಯಿಲ್ ಮತ್ತು ಹಲಗೆಗಳ ಪಾಲು ಸೇರಬೇಕು. ಉಳಿದ ಬೆಲೆಯೆಲ್ಲ ಕೈಕೆಲಸದ ಹೊತ್ತು, ಅದರಲ್ಲೂ ಹಿಡಿಕೆಯ ಹೊತ್ತು.

ಹೋದ 7 ಕಪ್ಪುಗಳಲ್ಲಿ 4 ಬಾಯಿ ಸೊಟ್ಟವಾದವು, 2 ಪಾದದ ಚಕ್ಕೆ, 1 ಕಬ್ಬಿಣದ ಚುಕ್ಕೆ. ಬಾಯಿಯ ಸೊಟ್ಟ ಇನ್ನೂ ಬಿಡಿಸದ ಗಂಟು. ಮುಂದಿನ ಕಂತಿನಲ್ಲಿ ಕಪ್ಪುಗಳನ್ನು ಬಾಯಿಗೆ ಬಾಯಿ ಜೋಡಿಸಿ, ಹಿಡಿಕೆಗಳು ಎದುರುಬದುರು ಬರುವಂತೆ ಒಣಗಿಸಿ, ಹಾಗೆಯೇ ಬಿಸ್ಕ್ ಮಾಡುವುದು. ಅರ್ಧದಷ್ಟನ್ನು ಹೀಗೆ, ಇನ್ನರ್ಧವನ್ನು ಈಗಿನ ಕ್ರಮದಲ್ಲೇ ಮಾಡಿ ಕ್ಯಾಲಿಪರಿನ ಅಂಕಿಗಳನ್ನು ಪಕ್ಕಪಕ್ಕ ಬರೆದಿಡಬೇಕು.